ಲಿವರ್ ಕ್ಯಾನ್ಸರ್, ಆಪರೇಷನ್ ಆಗಲ್ಲ, ಟೇಸ್ (ಕೀಮೋ ಔಷಧಿಯನ್ನು ನೇರವಾಗಿ ಗೆಡ್ಡೆಗೇ ಬಿಟ್ಟು ಅದರ ರಕ್ತನಾಳ ಮುಚ್ಚುವ ಚಿಕಿತ್ಸೆ) ಮಾಡಿಸಿ ಅಂದಿದ್ದಾರೆ. 71 ವರ್ಷದ ಅಪ್ಪ ಕೀಮೋ ತಡೆದುಕೊಳ್ತಾರಾ?

ವಯಸ್ಸಿನ ಮಾತು ಪಕ್ಕಕ್ಕಿಡಿ. ನಮ್ಮಮ್ಮನ ಸಮಯದಲ್ಲೂ ಬಂದವರೆಲ್ಲ ಇದನ್ನೇ ಕೇಳಿದರು. ಗೆಡ್ಡೆ ಬಿಟ್ಟು ಉಳಿದ ಲಿವರ್ ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ.

ಅಮ್ಮನಿಗೆ ಹೆಪಟೈಟಿಸ್ ಬಿ ಇತ್ತು. ಅದರಿಂದ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಹಾಳಾಗುವುದು, ಆಮೇಲೆ ಗೆಡ್ಡೆಗಳು. ಟೇಸ್‌ನಲ್ಲಿ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಟ್ಯೂಬನ್ನು ಲಿವರಿನ ಅಪಧಮನಿವರೆಗೆ ಕಳಿಸಿದರು. ಡಾಕ್ಸೊರುಬಿಸಿನ್ ಔಷಧಿಯನ್ನು ಲಿಪಿಯೊಡಾಲ್ ಎಣ್ಣೆಯಲ್ಲಿ ಬೆರೆಸಿ ಗೆಡ್ಡೆಗೇ ಬಿಟ್ಟು, ಆ ನಾಳ ಮುಚ್ಚಿದರು. ಲಿವರಿಗೆ ಸುಮಾರು ಮುಕ್ಕಾಲು ಪಾಲು ರಕ್ತ ಪೋರ್ಟಲ್ ವೇನಿನಿಂದ, ಅಂದರೆ ಕರುಳಿನ ಕಡೆಯಿಂದ ರಕ್ತ ತರುವ ದೊಡ್ಡ ನಾಳದಿಂದ ಬರುತ್ತದೆ. ಗೆಡ್ಡೆ ಬದುಕುವುದು ಹೆಚ್ಚಾಗಿ ಅಪಧಮನಿಯ ರಕ್ತದಲ್ಲಿ. ಕಳೆಗೆ ಹೋಗುವ ಕಾಲುವೆ ಕಟ್ಟಿದ ಹಾಗೆ. ಕೆಲವು ದಿನ ಜ್ವರ, ಹೊಟ್ಟೆನೋವು, ವಾಕರಿಕೆ ಇತ್ತು, ಅಷ್ಟೇ. ಮುಂದಿನ ಸ್ಕ್ಯಾನಿನಲ್ಲಿ ಗೆಡ್ಡೆಯ ಬಹುಪಾಲು ಸತ್ತಿತ್ತು.

ಕೆಡಿಸಿದ್ದು ನಾನು. ಅಮ್ಮ ಹೆಪಟೈಟಿಸ್‌ಗೆ ದಿನಾ ಟೆನೊಫೊವಿರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಹೆಸರಿರಲಿಲ್ಲ. ಗೆಡ್ಡೆಯೇ ಸತ್ತಿದೆಯಲ್ಲ, ಸೋತ ಲಿವರಿಗೆ ಇದೂ ಒಂದು ಹೊರೆ ಯಾಕೆ ಅಂತ ನಿಲ್ಲಿಸಿಬಿಟ್ಟೆ. ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಗೆಡ್ಡೆ ಸತ್ತರೂ ವೈರಸ್ ಇದ್ದೇ ಇರುತ್ತದೆ. ಅದನ್ನು ಅದುಮಿಟ್ಟಿದ್ದೇ ಆ ಮಾತ್ರೆ. ಕೀಮೋ ಬೇರೆ ಕೊಟ್ಟಾಗ ವೈರಸ್ ಮತ್ತೆ ಏಳುವ ಭಯ ಇನ್ನೂ ಜಾಸ್ತಿ. ಇದೆಲ್ಲ ನನಗೆ ಗೊತ್ತಾಗುವ ಹೊತ್ತಿಗೆ ಅಮ್ಮನ ಕಣ್ಣು ಹಳದಿಯಾಗಿತ್ತು, ಹೊಟ್ಟೆಯಲ್ಲಿ ನೀರು ತುಂಬಿತ್ತು. ಕಣ್ಣು ಹಳದಿ ಮಾಡುವ ಬಿಲಿರುಬಿನ್ ಇಷ್ಟು ಏರಿರುವಾಗ ಎರಡನೇ ಟೇಸ್ ಮಾಡಿದರೆ ಲಿವರೇ ಕೈಕೊಡುತ್ತದೆ ಅಂದರು. ಮಾತ್ರೆ ಮತ್ತೆ ಶುರು ಮಾಡಿದೆವು. ಅಷ್ಟರಲ್ಲಿ ಗೆಡ್ಡೆ ಪೋರ್ಟಲ್ ವೇನಿಗೆ ಇಳಿದಿತ್ತು. ಅಮ್ಮ ಉಳಿಯಲಿಲ್ಲ.

ಈಗ ನಿಮ್ಮ ಅಪ್ಪನ ವಿಷಯ. ಲಿವರ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತ ಪರೀಕ್ಷೆಗಳು, ಅಂದರೆ ಬಿಲಿರುಬಿನ್, ಆಲ್ಬುಮಿನ್, ಐಎನ್‌ಆರ್ ಎಷ್ಟಿದೆ? ಲಿವರ್ ಎಷ್ಟು ಕೆಟ್ಟಿದೆ ಅಂತ ಹೇಳುವ ಚೈಲ್ಡ್-ಪ್ಯೂ ದರ್ಜೆ ಎ, ಬಿ, ಸಿ (ಸಿ ಅಂದರೆ ತೀರಾ ಕೆಟ್ಟಿದೆ) ಯಾವುದು? ಪೋರ್ಟಲ್ ವೇನ್ ತೆರೆದಿದೆಯಾ? ಇವನ್ನು ಕೇಳಿ. ಸಿ ಆದರೆ ಸಾಮಾನ್ಯವಾಗಿ ಟೇಸ್ ಮಾಡುವುದಿಲ್ಲ. ಲಿವರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂದರೆ 71 ಅಂತ ಹೆದರಿ ಸುಮ್ನೆ ಮುಂದೂಡಬೇಡಿ. ಕಾಯಿಲೆ ಪೂರ್ತಿ ಹೋಗುತ್ತದೆ ಅಂತಲೂ ನಂಬಬೇಡಿ. ಆಯಸ್ಸು ಹೆಚ್ಚುತ್ತದೆ ಅಂತ 2002ರಲ್ಲೇ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್ ಡಾಕ್ಟರುಗಳ ಅಧ್ಯಯನಗಳು ತೋರಿಸಿದವು. ಆದರೆ ಅವರು ಆರಿಸಿಕೊಂಡ ರೋಗಿಗಳ ಲಿವರ್ ತಕ್ಕಮಟ್ಟಿಗೆ ಚೆನ್ನಾಗಿತ್ತು.

ಅಪ್ಪನಿಗೂ ಹೆಪಟೈಟಿಸ್ ಬಿ ಇದ್ದರೆ ಮನೆಯವರೆಲ್ಲ ರಕ್ತ ಪರೀಕ್ಷೆ ಮಾಡಿಸಿ, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಇದು ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಬರುತ್ತದೆ. ನನ್ನ ತಮ್ಮನಿಗೆ ಪಾಸಿಟಿವ್ ಬಂತು. ಅವನೀಗ ಅದೇ ಮಾತ್ರೆ ನುಂಗುತ್ತಿದ್ದಾನೆ.