ಪಟ್ಟಿಯಲ್ಲಿ ಮೊದಲು ಬಂದ ಹೆಸರೇ ಉತ್ತರವಾ? ಜೀನ್ ಡೇಟಾಬೇಸ್‌ಗಳ ಬಗ್ಗೆ ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಮೇಡಂ, ನಾನು ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ ಓದುತ್ತಿದ್ದೇನೆ. ಜೋಳದ ಹೊಲದ ಮಣ್ಣಿನಿಂದ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿ, ಅದರ ಗುರುತು ಹಿಡಿಯಲು 16ಎಸ್ ಜೀನನ್ನು ಸೀಕ್ವೆನ್ಸಿಂಗ್‌ಗೆ, ಅಂದರೆ ಅದರ ಎ, ಟಿ, ಜಿ, ಸಿ ಅಕ್ಷರಗಳನ್ನು ಓದಿಸಲು ಕಳಿಸಿದ್ದೆ. ಬಂದ ಫೈಲನ್ನು, ಡೇಟಾಬೇಸ್‌ನಲ್ಲಿ ಹೋಲುವ ಸಾಲು ಹುಡುಕಿಕೊಡುವ ಬ್ಲಾಸ್ಟ್‌ಗೆ ಹಾಕಿದರೆ ನೂರು ಸಾಲು ಬಂತು. ಎಲ್ಲವೂ ಬ್ಯಾಸಿಲಸ್ ಜಾತಿಯವೇ. ಆದರೆ ಸಬ್ಟಿಲಿಸ್, ವೆಲೆಜೆನ್ಸಿಸ್, ಅಮೈಲೊಲಿಕ್ವಿಫೇಸಿಯನ್ಸ್ ಅಂತ ಬೇರೆ ಬೇರೆ ಹೆಸರು. ಎಲ್ಲಕ್ಕೂ ಶೇ 99ರ ಮೇಲೆ ಹೊಂದಿಕೆ. ‘ಇ ವ್ಯಾಲ್ಯೂ’ ಎಲ್ಲದರಲ್ಲೂ ಸೊನ್ನೆ. ಸ್ನೇಹಿತೆಯರು ‘ಮೊದಲನೇ ಹೆಸರು ಬರೆದುಬಿಡು’ ಅಂತಾರೆ. ಬರೆಯಲಾ?

ಉತ್ತರ: ಬರೆಯಬೇಡಿ. ನಿಮ್ಮ ಹಾಗೆ ಕೇಳುವವರು ಕಡಿಮೆ. ಸುಮ್ನೆ ಬರೆದುಬಿಡುವವರೇ ಜಾಸ್ತಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೊದಲು ಆ ನೂರು ಸಾಲಿನ ವಿಷಯ. ಹೊಂದಿಕೆ ಇರುವುದು ನೂರೇ ಅಂತ ಅಲ್ಲ. ಬ್ಲಾಸ್ಟ್ ಪುಟದಲ್ಲಿ ನಾವು ಏನೂ ಬದಲಿಸದಿದ್ದರೆ ಅದು ನೂರಕ್ಕೆ ನಿಲ್ಲಿಸುತ್ತದೆ, ಅಷ್ಟೇ. ಕೆಳಗೆ ಇನ್ನೂ ಸಾವಿರ ಇರಬಹುದು. ಒಂದೇ ಅಂಕ ಪಡೆದವುಗಳಲ್ಲಿ ಯಾವುದು ಮೇಲೆ ಕೂತಿದೆ ಎನ್ನುವುದಕ್ಕೆ ಜೀವಶಾಸ್ತ್ರದ ಅರ್ಥ ಏನೂ ಇಲ್ಲ.

ಇನ್ನು ‘ಇ ವ್ಯಾಲ್ಯೂ’. ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ನಿಂತು ‘ಮಂಜುನಾಥಾ’ ಅಂತ ಕೂಗಿ ನೋಡಿ. ಹತ್ತು ಜನ ತಿರುಗುತ್ತಾರೆ. ಊರಿನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು ಎಲ್ಲ ಸೇರಿಸಿ ಕೂಗಿದರೆ ಒಬ್ಬರೇ ತಿರುಗುತ್ತಾರೆ. ಇಷ್ಟು ದೊಡ್ಡ ಜನಜಂಗುಳಿಯಲ್ಲಿ ಆಕಸ್ಮಿಕವಾಗಿ ಎಷ್ಟು ಜನ ತಿರುಗಬಹುದು ಎನ್ನುವ ಅಂದಾಜೇ ‘ಇ ವ್ಯಾಲ್ಯೂ’. ಜನ ಜಾಸ್ತಿಯಾದಷ್ಟು ಆಕಸ್ಮಿಕವೂ ಜಾಸ್ತಿ. ಅದಕ್ಕೇ ಡೇಟಾಬೇಸ್ ಬೆಳೆದರೆ ಅದೇ ಹೊಂದಿಕೆಯ ‘ಇ ವ್ಯಾಲ್ಯೂ’ ಕೂಡ ಬದಲಾಗುತ್ತದೆ. ನಿಮಗೆ ಬಂದ ಸೊನ್ನೆ ನಿಜವಾದ ಸೊನ್ನೆಯಲ್ಲ. ತೋರಿಸಲಾಗದಷ್ಟು ಚಿಕ್ಕ ಸಂಖ್ಯೆ. ‘ಈ ಹೊಂದಿಕೆ ಆಕಸ್ಮಿಕವಲ್ಲ, ಇವು ನೆಂಟರು’ ಎಂದು ಮಾತ್ರ ಅದು ಹೇಳುತ್ತದೆ. ಎಷ್ಟು ಹತ್ತಿರದ ನೆಂಟರು, ಒಂದೇ ಪ್ರಭೇದವಾ ಎನ್ನುವುದು ಅದರ ಕೆಲಸವಲ್ಲ. 16ಎಸ್ ಹುಡುಕಾಟದಲ್ಲಿ ಎಲ್ಲಕ್ಕೂ ಸೊನ್ನೆ ಬರುವುದು ಮಾಮೂಲು.

ಹಾಗಾದರೆ ಏನು ಮಾಡಬೇಕು? ಕಂಪನಿಯವರು ಸಾಮಾನ್ಯವಾಗಿ ಎರಡು ಫೈಲ್ ಕೊಡುತ್ತಾರೆ. ಒಂದು ಮುಂದಿನಿಂದ ಓದಿದ್ದು, ಇನ್ನೊಂದು ಹಿಂದಿನಿಂದ. 16ಎಸ್ ಜೀನ್ ಸುಮಾರು 1,500 ಅಕ್ಷರದ್ದು. ಸ್ಯಾಂಗರ್ ವಿಧಾನದಲ್ಲಿ ಒಂದು ಓದಿಗೆ ನಂಬಬಹುದಾದ ಅಕ್ಷರ 700ರಿಂದ 800 ಸಿಗುತ್ತವೆ. ಎರಡನ್ನೂ ಜೋಡಿಸಿದರೆ ಮಾತ್ರ ಇಡೀ ಜೀನ್. ಬಣ್ಣದ ಅಲೆಗಳಿರುವ ಕ್ರೊಮ್ಯಾಟೊಗ್ರಾಂ ಫೈಲ್ ತೆರೆದು ಎರಡೂ ತುದಿ ನೋಡಿ. ಅಲೆಗಳು ಒಂದರ ಮೇಲೊಂದು ಬಿದ್ದಿರುವ ಭಾಗವನ್ನು ಕತ್ತರಿಸಿ. ಹಿಂದಿನಿಂದ ಓದಿದ ಸಾಲನ್ನು ತಿರುಗಿಸಿ, ಎದುರು ಎಳೆಯ ಅಕ್ಷರಗಳಿಗೆ ಬದಲಿಸಿ ಜೋಡಿಸಿ. ಬ್ಲಾಸ್ಟ್ ಎರಡೂ ಎಳೆಗಳನ್ನು ತಾನೇ ನೋಡಿಕೊಳ್ಳುತ್ತದೆ. ಹಲವು ಸಾಲುಗಳನ್ನು ಒಟ್ಟಿಗೆ ಹೊಂದಿಸಿ ತೋರಿಸುವ ಕ್ಲಸ್ಟಲ್ ಒಮೇಗಾ ಹಾಗಲ್ಲ. ಅಲ್ಲಿ ತಿರುಗಿಸದೆ ಹಾಕಿ, ‘ನಮ್ಮದು ಯಾವುದಕ್ಕೂ ಹೋಲುತ್ತಿಲ್ಲ, ಹೊಸ ಪ್ರಭೇದ’ ಎಂದು ಸಂತೋಷಪಟ್ಟ ವಿದ್ಯಾರ್ಥಿಗಳನ್ನು ನೋಡಿದ್ದೇನೆ. ಅವರಿಗೆ ನಿಜ ಹೇಳುವಾಗ ನನಗೇ ಸಂಕಟವಾಗಿದೆ.

ಆಮೇಲೆ ಬ್ಲಾಸ್ಟ್ ಪುಟದಲ್ಲೇ ಡೇಟಾಬೇಸ್ ಬದಲಿಸಿ. ಮಾಮೂಲಿ ಡೇಟಾಬೇಸ್‌ನಲ್ಲಿ ಯಾರು ಏನು ಹೆಸರು ಕೊಟ್ಟು ಸೇರಿಸಿದ್ದಾರೋ ಅದೆಲ್ಲ ಇರುತ್ತದೆ. ಅದರ ಪಕ್ಕದಲ್ಲಿ ರೈಬೋಸೋಮಲ್ ಆರ್‌ಎನ್‌ಎಗೆಂದೇ ಒಂದು ಆಯ್ಕೆ ಇದೆ. ಅದರಲ್ಲಿ ಬ್ಯಾಕ್ಟೀರಿಯಾದ 16ಎಸ್ ಆರಿಸಿಕೊಳ್ಳಿ. ‘ಟೈಪ್ ಮೆಟೀರಿಯಲ್’ಗೆ ಸೀಮಿತಗೊಳಿಸುವ ಗುರುತೂ ಇದೆ. ಟೈಪ್ ಸ್ಟ್ರೇನ್ ಎಂದರೆ ಆ ಪ್ರಭೇದಕ್ಕೆ ಹೆಸರಿಟ್ಟಾಗ ‘ಇದೇ ಮಾದರಿ’ ಎಂದು ತೆಗೆದಿಟ್ಟ ತಳಿ. ಅದರ ಜೊತೆ ಹೋಲಿಸಿದರೆ ಹೆಸರಿನ ಗೊಂದಲ ಎಷ್ಟೋ ಕಡಿಮೆಯಾಗುತ್ತದೆ. ಕೊರಿಯಾದ ಈಝ್‌ಬಯೋಕ್ಲೌಡ್ ಕೂಡ ಈ ಕೆಲಸಕ್ಕೆ ಒಳ್ಳೆಯದು.

ಆದರೂ ನಿಮ್ಮ ವಿಷಯದಲ್ಲಿ ಉತ್ತರ ಪ್ರಭೇದದವರೆಗೆ ಹೋಗುವುದು ಕಷ್ಟ. ಕಾರಣ ನಿಮ್ಮ ಕೆಲಸದಲ್ಲಿಲ್ಲ, ಜೀನ್‌ನಲ್ಲೇ ಇದೆ. ಸಬ್ಟಿಲಿಸ್ ಗುಂಪಿನ ಬ್ಯಾಸಿಲಸ್‌ಗಳ 16ಎಸ್ ಹೆಚ್ಚುಕಮ್ಮಿ ಒಂದೇ. ಇದಕ್ಕಿಂತ ಎಚ್ಚರ ಬೇಕಾದ ಉದಾಹರಣೆ ಹೇಳುತ್ತೇನೆ. ಅನ್ನ ಕೆಟ್ಟಾಗ ವಾಂತಿ ಬರಿಸುವ ಬ್ಯಾಸಿಲಸ್ ಸೀರಿಯಸ್, ಹುಳು ಕೊಲ್ಲಲು ಹೊಲಕ್ಕೆ ಸಿಂಪಡಿಸುವ ಥುರಿಂಜಿಯೆನ್ಸಿಸ್, ಆಂಥ್ರಾಕ್ಸ್ ರೋಗದ ಆಂಥ್ರಾಸಿಸ್ ಈ ಮೂರನ್ನೂ 16ಎಸ್ ನೋಡಿ ಬೇರ್ಪಡಿಸಲು ಆಗುವುದಿಲ್ಲ. ಮೊದಲ ಸಾಲಲ್ಲಿ ಆಂಥ್ರಾಸಿಸ್ ಬಂದಿತೆಂದು ಪ್ರಬಂಧದಲ್ಲಿ ಬರೆದರೆ ಏನಾಗಬಹುದು, ಯೋಚಿಸಿ.

ಪ್ರಭೇದದ ಹೆಸರು ಬೇಕೇ ಬೇಕು ಅಂದರೆ ಗೈರೇಸ್ ಬಿ ಅಥವಾ ಆರ್‌ಪಿಒಬಿ ಜೀನ್ ಸೀಕ್ವೆನ್ಸ್ ಮಾಡಿಸಿ. ಅವು 16ಎಸ್‌ಗಿಂತ ಬೇಗ ಬದಲಾಗುವ ಜೀನ್‌ಗಳು, ವ್ಯತ್ಯಾಸ ಚೆನ್ನಾಗಿ ತೋರುತ್ತವೆ. ದುಡ್ಡಿಲ್ಲವಾ? ‘ಬ್ಯಾಸಿಲಸ್, ಸಬ್ಟಿಲಿಸ್ ಗುಂಪು’ ಎಂದು ಬರೆಯಿರಿ. ಇದು ಸೋಲಲ್ಲ. ಇದೇ ಸರಿಯಾದ ಉತ್ತರ. ಜೊತೆಗೆ ಹೋಲಿಸಿದ ದಾಖಲೆಗಳ ಗುರುತಿನ ಸಂಖ್ಯೆ, ಶೇಕಡಾ ಹೊಂದಿಕೆ, ನಿಮ್ಮ ಸಾಲಿನ ಎಷ್ಟು ಭಾಗ ಹೊಂದಿತು ಎನ್ನುವ ಕವರೇಜ್, ಹುಡುಕಿದ ತಾರೀಖು ಇಷ್ಟನ್ನೂ ಬರೆಯಿರಿ. ಕವರೇಜ್ ಮರೆಯಬೇಡಿ. 60 ಅಕ್ಷರಕ್ಕೆ ಶೇ 100 ಹೊಂದಿದ್ದಕ್ಕಿಂತ 1,400 ಅಕ್ಷರಕ್ಕೆ ಶೇ 99 ಹೊಂದಿದ್ದು ಎಷ್ಟೋ ಗಟ್ಟಿ ಸಾಕ್ಷಿ.

ಪ್ರಶ್ನೆ: ಸಾಗರದ ಹತ್ತಿರ ಹೈಸ್ಕೂಲ್ ವಿಜ್ಞಾನ ಶಿಕ್ಷಕ ನಾನು. ನಮ್ಮ ಕಡೆ ಮಂಗನ ಕಾಯಿಲೆ ಎಲ್ಲರ ಬಾಯಲ್ಲಿರುವ ಮಾತು. ಆ ವೈರಸ್‌ನ ಜೀನ್ ಹೇಗಿದೆ ಅಂತ ಮಕ್ಕಳಿಗೆ ಶಾಲೆಯ ಕಂಪ್ಯೂಟರ್‌ನಲ್ಲೇ ತೋರಿಸಬಹುದಾ?

ಉತ್ತರ: ಖಂಡಿತ ತೋರಿಸಬಹುದು. ಇಂಥ ಪ್ರಶ್ನೆ ಬಂದರೆ ನನಗೆ ತುಂಬಾ ಸಂತೋಷವಾಗುತ್ತದೆ. ಲಾಗಿನ್ ಬೇಡ, ಹಣ ಬೇಡ, ಇಂಟರ್ನೆಟ್ ಇದ್ದರೆ ಸಾಕು.

ಅಮೆರಿಕದ ಎನ್‌ಸಿಬಿಐ ತಾಣಕ್ಕೆ ಹೋಗಿ, ‘ನ್ಯೂಕ್ಲಿಯೋಟೈಡ್’ ವಿಭಾಗ ಆರಿಸಿ, ‘ಕ್ಯಾಸನೂರು ಫಾರೆಸ್ಟ್ ಡಿಸೀಸ್ ವೈರಸ್, ಕಂಪ್ಲೀಟ್ ಜೀನೋಮ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ರೋಗ ಇದು. ನಮ್ಮ ಕಾಡಿನ ಹೆಸರನ್ನು ಜಗತ್ತಿನ ಡೇಟಾಬೇಸ್‌ನಲ್ಲಿ ನೋಡಿದಾಗ ಮಕ್ಕಳ ಮುಖ ನೋಡಿ. ದಾಖಲೆ ತೆರೆದರೆ ಮೇಲೆ ವಿವರ ಇರುತ್ತದೆ. ಮಾದರಿಯನ್ನು ಯಾವ ದೇಶದಲ್ಲಿ, ಯಾವಾಗ, ಮನುಷ್ಯರಿಂದಲೋ ಮಂಗನಿಂದಲೋ ರಕ್ತ ಹೀರುವ ಉಣ್ಣೆಯಿಂದಲೋ ತೆಗೆದದ್ದು ಎಂಬುದೂ ಹಲವು ದಾಖಲೆಗಳಲ್ಲಿರುತ್ತದೆ. ಕೆಳಗೆ ಎ, ಟಿ, ಜಿ, ಸಿ ಅಕ್ಷರಗಳ ಸಾಲು, ಸುಮಾರು 10,800 ಅಕ್ಷರ. ಒಂದು ಕಾಡಿನ ಸುತ್ತಲಿನ ಊರುಗಳನ್ನೆಲ್ಲ ನಡುಗಿಸಿದ ವೈರಸ್‌ನ ಪೂರ್ತಿ ಬರಹ ಅಷ್ಟೇ. ಪ್ರಿಂಟ್ ತೆಗೆದರೆ ನಾಲ್ಕೈದು ಹಾಳೆ.

ಚುರುಕಾದ ಮಗು ಒಂದು ಪ್ರಶ್ನೆ ಕೇಳಬಹುದು. ‘ಸರ್, ಇದು ಆರ್‌ಎನ್‌ಎ ವೈರಸ್ ಅಲ್ವಾ? ಹಾಗಿದ್ದರೆ ಯು ಇರಬೇಕು, ಟಿ ಯಾಕಿದೆ?’ ಕೇಳಿದವರಿಗೆ ಭೇಷ್ ಅನ್ನಿ. ಆರ್‌ಎನ್‌ಎಯನ್ನು ಸಾಮಾನ್ಯವಾಗಿ ಡಿಎನ್‌ಎಗೆ ಬದಲಿಸಿಕೊಂಡು ಓದುತ್ತಾರೆ. ಡೇಟಾಬೇಸ್‌ನಲ್ಲಿ ಎಲ್ಲವನ್ನೂ ಟಿ ಹಾಕಿಯೇ ಬರೆಯುವುದು ರೂಢಿ. ಅದನ್ನು ಯು ಎಂದು ಓದಿಕೊಂಡರೆ ಆಯಿತು.

ಈಗ ಅದೇ ಪುಟದ ಪಕ್ಕದಲ್ಲಿರುವ ಬ್ಲಾಸ್ಟ್ ಕೊಂಡಿ ಒತ್ತಿ. ಮೊದಲು ಬರುವುದೆಲ್ಲ ಮಂಗನ ಕಾಯಿಲೆಯ ವೈರಸ್‌ಗಳೇ. ಸ್ವಲ್ಪ ಕೆಳಗೆ ಹೋದರೆ ಅಲ್ಖುರ್ಮಾ ಎಂಬ ಹೆಸರು ಸಿಗುತ್ತದೆ. ಅದು 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಕಂಡ ವೈರಸ್. ಶೇ 90ಕ್ಕಿಂತ ಜಾಸ್ತಿ ಅಕ್ಷರಗಳು ನಮ್ಮದರ ಹಾಗೇ ಇವೆ. ಮಲೆನಾಡಿನ ಮಳೆಕಾಡಿಗೂ ಅರೇಬಿಯಾದ ಮರಳುಗಾಡಿಗೂ ಏನು ನಂಟು ಅಂತ ಮಕ್ಕಳೇ ಕೇಳುತ್ತಾರೆ. ಎರಡೂ ಉಣ್ಣೆಯ ಜೊತೆ ಬದುಕುವ ವೈರಸ್‌ಗಳು. ಒಂದೇ ಮೂಲದಿಂದ ಬಂದು, ಕಾಲಕ್ರಮದಲ್ಲಿ ದೂರವಾದವು. ಈ ಮಾತನ್ನು ಪುಸ್ತಕ ಹೇಳುವುದಕ್ಕೂ, ಮಕ್ಕಳು ತಾವೇ ಪರದೆಯ ಮೇಲೆ ಕಂಡುಕೊಳ್ಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

‘ಅಕ್ಷರ ನೋಡಿದರೆ ರೋಗ ಬರುತ್ತದಾ’ ಎಂದು ಯಾರಾದರೂ ಪೋಷಕರು ಹೆದರಿದರೆ ಸಮಾಧಾನದಿಂದ ಹೇಳಿ. ಇದು ಬರಹ ಮಾತ್ರ.

ಪ್ರಶ್ನೆ: ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಹೊರಗಿನಿಂದ ನೋಡಿದರೆ ಇದು ಬರೀ ಟೆಕ್ಸ್ಟ್ ಸರ್ಚ್ ಥರ ಕಾಣುತ್ತದೆ. ಅಕ್ಷರ ಹೋಲಿಸಿ ಹೊಸದೇನಾದರೂ ಸಿಕ್ಕಿದೆಯಾ? ಮತ್ತೆ, ಇದನ್ನೆಲ್ಲ ಯಾರು ನಡೆಸುತ್ತಾರೆ?

ಉತ್ತರ: ಸಿಕ್ಕಿದೆ. 1983ರಲ್ಲಿ ಸ್ಯಾನ್ ಡಿಯೇಗೊದ ರಸೆಲ್ ಡೂಲಿಟಲ್ ಮತ್ತು ಜೊತೆಗಾರರು, ಮಂಗಗಳಿಗೆ ಗಡ್ಡೆ ತರುವ ಒಂದು ವೈರಸ್‌ನ ಪ್ರೋಟೀನನ್ನು ತಮ್ಮ ಸಂಗ್ರಹದ ಜೊತೆ ಕಂಪ್ಯೂಟರಿನಲ್ಲಿ ಹೋಲಿಸಿದರು. ಅದು ಹೊಂದಿದ್ದು ಮನುಷ್ಯರ ರಕ್ತದ ಪ್ಲೇಟ್‌ಲೆಟ್‌ನಲ್ಲಿರುವ, ಗಾಯ ಮಾಗಿಸಲು ನೆರವಾಗುವ ಬೆಳವಣಿಗೆಯ ಪ್ರೋಟೀನ್ ಜೊತೆ. ಅದೇ ಹೊತ್ತಿಗೆ ಲಂಡನ್ನಿನ ಇನ್ನೊಂದು ತಂಡಕ್ಕೂ ಇದೇ ಕಂಡಿತು. ‘ಬೆಳೆ’ ಎನ್ನುವ ಮಾಮೂಲಿ ಸಂಕೇತವನ್ನು ವೈರಸ್ ಕದ್ದು, ನಿಲ್ಲಿಸದೆ ಕೂಗುವುದೂ ಕ್ಯಾನ್ಸರಿಗೆ ಒಂದು ದಾರಿ ಎಂದು ಗೊತ್ತಾದದ್ದು ಹೀಗೆ.

ಟೆಕ್ಸ್ಟ್ ಸರ್ಚ್‌ಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ತಪ್ಪಕ್ಷರ, ಬಿಟ್ಟುಹೋದ ಅಕ್ಷರ, ಸೇರಿಕೊಂಡ ಅಕ್ಷರ ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. 1981ರ ಸ್ಮಿತ್–ವಾಟರ್‌ಮನ್ ವಿಧಾನ ಇದನ್ನು ಕರಾರುವಾಕ್ಕಾಗಿ ಮಾಡುತ್ತದೆ. ಡೈನಾಮಿಕ್ ಪ್ರೋಗ್ರಾಮಿಂಗ್, ನಿಮಗೆ ಗೊತ್ತಿರುವುದೇ. ಆದರೆ ದೊಡ್ಡ ಸಂಗ್ರಹಕ್ಕೆ ಅದು ತೀರಾ ನಿಧಾನ. 1990ರಲ್ಲಿ ಬಂದ ಬ್ಲಾಸ್ಟ್ ಒಂದು ಅಡ್ಡದಾರಿ ಹಿಡಿಯಿತು. ಮೊದಲು ಚಿಕ್ಕ ತುಂಡೊಂದು ಒಂದಕ್ಷರವೂ ತಪ್ಪದೆ ಹೊಂದಬೇಕು. ಮಾಮೂಲಿ ಬ್ಲಾಸ್ಟ್‌ಎನ್‌ನಲ್ಲಿ 11 ಅಕ್ಷರ, ಮೆಗಾಬ್ಲಾಸ್ಟ್‌ನಲ್ಲಿ 28. ಹೊಂದಿದ ಕಡೆಯಿಂದ ಮಾತ್ರ ಎರಡೂ ಬದಿಗೆ ಬೆಳೆಸಿಕೊಂಡು ಹೋಗುತ್ತದೆ. ದೂರದ ನೆಂಟರನ್ನು ಹುಡುಕುವಾಗ ಮೆಗಾಬ್ಲಾಸ್ಟ್ ಕೈಕೊಡುವುದು ಇದಕ್ಕೇ.

ನಡೆಸುವವರು ಮೂರು ಕಡೆ ಇದ್ದಾರೆ. ಅಮೆರಿಕದ ಜೆನ್‌ಬ್ಯಾಂಕ್, ಇಂಗ್ಲೆಂಡಿನ ಹಿಂಕ್ಸ್‌ಟನ್‌ನಲ್ಲಿರುವ ಯುರೋಪಿನ ಸಂಗ್ರಹ, ಜಪಾನಿನ ಮಿಶಿಮಾದ ಡಿಡಿಬಿಜೆ. ಮೂವರೂ ದಿನವೂ ದತ್ತಾಂಶ ಹಂಚಿಕೊಳ್ಳುತ್ತಾರೆ. ಒಂದು ಕಡೆ ಸೇರಿಸಿದ್ದು ಮೂರೂ ಕಡೆ ಸಿಗುತ್ತದೆ. ಖರ್ಚು ಹೊರುವುದು ಸರ್ಕಾರಗಳು, ಅಂದರೆ ಜನರ ತೆರಿಗೆ. ನಮ್ಮಲ್ಲಿ 2022ರಲ್ಲಿ ಫರೀದಾಬಾದ್‌ನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಶುರುವಾಯಿತು. ತಡವಾಯಿತು ಎನ್ನುವ ಬೇಸರ ನನಗಿದೆ. ಬಂತಲ್ಲ ಎನ್ನುವ ಸಮಾಧಾನವೂ ಇದೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಇಟ್ಟವರು ಮಾರ್ಗರೆಟ್ ಡೇಹಾಫ್. 1965ರಲ್ಲಿ ಅವರು ಆಗ ಗೊತ್ತಿದ್ದ 65 ಪ್ರೋಟೀನ್‌ಗಳ ಸಾಲುಗಳನ್ನು ಒಂದು ಪುಸ್ತಕವಾಗಿ ತಂದರು. ಪ್ರತಿ ಅಮೈನೋ ಆಮ್ಲಕ್ಕೆ ಒಂದೇ ಅಕ್ಷರ ಬರೆಯುವ ಪದ್ಧತಿಯೂ ಅವರದೇ. ಇವತ್ತು ಪರದೆಯ ಮೇಲೆ ಓಡುವ ಆ ಅಕ್ಷರಗಳನ್ನು ನೋಡಿದಾಗೆಲ್ಲ ಅವರ ನೆನಪಾಗುತ್ತದೆ.

ಪ್ರಶ್ನೆ: ಮೈಸೂರಿನಿಂದ ಒಬ್ಬ ತಾಯಿ. ನನ್ನ ಮಗನಿಗೆ ಆರು ವರ್ಷ, ಆಗಾಗ ಫಿಟ್ಸ್ ಬರುತ್ತದೆ. ಜೆನೆಟಿಕ್ ಟೆಸ್ಟ್ ವರದಿಯಲ್ಲಿ ಒಂದು ಜೀನ್‌ನ ಬದಲಾವಣೆಗೆ ‘ವಿಯುಎಸ್’ ಅಂತ ಬರೆದಿದ್ದಾರೆ. ನಮ್ಮ ಮನೆಯವರು ಕ್ಲಿನ್‌ವಾರ್ ಎಂಬ ತಾಣದಲ್ಲಿ ಹುಡುಕಿದರು. ಒಂದು ಲ್ಯಾಬ್ ‘ಖಚಿತವಿಲ್ಲ’ ಅನ್ನುತ್ತದೆ, ಇನ್ನೊಂದು ‘ಬಹುಶಃ ತೊಂದರೆಯಿಲ್ಲ’ ಅನ್ನುತ್ತದೆ. ರಾತ್ರಿ ನಿದ್ದೆ ಬರುತ್ತಿಲ್ಲ. ಯಾರನ್ನು ನಂಬಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು. ವಿಯುಎಸ್ ಎಂದರೆ ‘ಕೆಟ್ಟ ಸುದ್ದಿ, ಮೆಲ್ಲಗೆ ಹೇಳಿದ್ದೇವೆ’ ಅಂತ ಅಲ್ಲ. ‘ಈ ಬದಲಾವಣೆಯಿಂದ ತೊಂದರೆ ಇದೆಯೋ ಇಲ್ಲವೋ ಹೇಳುವಷ್ಟು ಸಾಕ್ಷಿ ಇನ್ನೂ ಸಿಕ್ಕಿಲ್ಲ’ ಅಂತ. ನಮ್ಮೆಲ್ಲರ ಡಿಎನ್‌ಎಯಲ್ಲೂ ಇಂಥ ಬದಲಾವಣೆಗಳಿವೆ, ನನ್ನದರಲ್ಲೂ.

ಕ್ಲಿನ್‌ವಾರ್ ತಾನೇ ತೀರ್ಪು ಕೊಡುವುದಿಲ್ಲ. ಬೇರೆ ಬೇರೆ ಲ್ಯಾಬ್‌ಗಳು ಕೊಟ್ಟ ಅಭಿಪ್ರಾಯವನ್ನು ಒಂದೆಡೆ ಇಡುತ್ತದೆ. ಪ್ರತಿ ದಾಖಲೆಯ ಜೊತೆ ನಕ್ಷತ್ರಗಳಿರುತ್ತವೆ. ಮೂರು ನಕ್ಷತ್ರ ಎಂದರೆ ಆ ಜೀನ್ ಬಲ್ಲ ತಜ್ಞರ ಸಮಿತಿ ಕೂತು ನೋಡಿದೆ ಎಂದರ್ಥ. ಒಂದೇ ಇದ್ದರೆ ಲ್ಯಾಬ್ ತನ್ನ ಮಾನದಂಡ ಹೇಳಿ ಅಭಿಪ್ರಾಯ ಕೊಟ್ಟಿದೆ, ಅಷ್ಟೇ. ಲ್ಯಾಬ್‌ಗಳ ನಡುವೆ ಭಿನ್ನಾಭಿಪ್ರಾಯ ಇದ್ದಾಗಲೂ ಒಂದೇ ನಕ್ಷತ್ರ. ಅಭಿಪ್ರಾಯ ಕೊಟ್ಟ ತಾರೀಖೂ ಅಲ್ಲೇ ಇರುತ್ತದೆ. ಹಳೆಯದಾಗಿದ್ದರೆ ಆಮೇಲೆ ಹೊಸ ಸಾಕ್ಷಿ ಬಂದಿರಬಹುದು.

ಡಾಕ್ಟರ್ ಮತ್ತು ಜೆನೆಟಿಕ್ ಕೌನ್ಸೆಲರ್ ನೋಡುವ ಮುಖ್ಯ ವಿಷಯ ಇನ್ನೊಂದಿದೆ. ಆರೋಗ್ಯವಾಗಿರುವ ಜನರಲ್ಲೂ ಈ ಬದಲಾವಣೆ ಸಾಕಷ್ಟು ಕಂಡಿದೆಯಾ ಎನ್ನುವುದು. ಕಂಡಿದ್ದರೆ, ಅದೇ ಅಪರೂಪದ ಕಾಯಿಲೆಗೆ ಕಾರಣ ಆಗಿರುವ ಸಾಧ್ಯತೆ ಕಡಿಮೆ. ಇದಕ್ಕೆ ನೊಮ್ಯಾಡ್ ಎಂಬ ಸಂಗ್ರಹ ಬಳಸುತ್ತಾರೆ. ಆದರೆ ಅದರಲ್ಲಿ ಯುರೋಪ್ ಮೂಲದವರೇ ಜಾಸ್ತಿ, ನಮ್ಮವರು ಕಡಿಮೆ. ನಮ್ಮಲ್ಲಿ ಸಾಮಾನ್ಯವಾದದ್ದು ಅಲ್ಲಿ ಅಪರೂಪ ಎಂದು ಕಾಣಬಹುದು. ಅದಕ್ಕೇ ಜೀನೋಮ್ ಇಂಡಿಯಾ ಯೋಜನೆ ನನಗೆ ಇಷ್ಟು ಮುಖ್ಯ ಅನಿಸುವುದು. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ, ದೇಶದ ಬೇರೆ ಬೇರೆ ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಓದಿದ್ದಾರೆ. 2025ರ ಜನವರಿಯಲ್ಲಿ ಅದನ್ನು ಸಂಶೋಧಕರಿಗೆ ತೆರೆದರು. ನಿಮ್ಮ ಮಗನಂಥ ಮಕ್ಕಳ ವರದಿ ಓದಲು ಬೇಕಾದದ್ದು ಇಂಥ ದತ್ತಾಂಶವೇ.

ನೀವು ಈಗ ಮಾಡಬಹುದಾದದ್ದು ಇದೆ. ನಿಮಗೂ ನಿಮ್ಮ ಮನೆಯವರಿಗೂ ಅದೇ ಬದಲಾವಣೆ ಇದೆಯಾ ಅಂತ ಪರೀಕ್ಷಿಸಬಹುದಾ ಎಂದು ಡಾಕ್ಟರನ್ನು ಕೇಳಿ. ನಿಮ್ಮಿಬ್ಬರಲ್ಲಿ ಒಬ್ಬರಿಗೆ ಅದು ಇದ್ದು, ಅವರು ಆರೋಗ್ಯವಾಗಿದ್ದರೆ, ಕೆಲವು ಜೀನ್‌ಗಳ ವಿಷಯದಲ್ಲಿ ಅದು ದೊಡ್ಡ ಸುಳಿವು. ತಾಣದಲ್ಲಿ ಓದಿದ್ದನ್ನು ನಂಬಿ ಮಗುವಿನ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ, ಬದಲಿಸಲೂ ಬೇಡಿ. ಹೆಸರು, ವರದಿ ಸಂಖ್ಯೆ ಇರುವ ಫೋಟೊಗಳನ್ನು ವಾಟ್ಸಾಪ್ ಗುಂಪುಗಳಿಗೆ ಹಾಕಬೇಡಿ. ಲ್ಯಾಬ್‌ನಿಂದ ವರದಿಯ ಜೊತೆ, ಕಂಡ ಬದಲಾವಣೆಗಳ ಪಟ್ಟಿ ಇರುವ ‘ವಿಸಿಎಫ್’ ಫೈಲನ್ನೂ ಕೇಳಿ ಪಡೆದು ಪೆನ್‌ಡ್ರೈವ್‌ನಲ್ಲಿಡಿ. ಒಂದೆರಡು ವರ್ಷ ಬಿಟ್ಟು ಅದೇ ಫೈಲನ್ನು ಮತ್ತೆ ಪರಿಶೀಲಿಸಲು ಹೇಳಿ. ಆಗ ಹುಡುಗನ ರಕ್ತ ಇನ್ನೊಮ್ಮೆ ತೆಗೆಯಬೇಕಾಗಿಯೇ ಬರಲಿಕ್ಕಿಲ್ಲ.