ರಾಜಗಿರಿ ಕಾಳು: ಹಾಲಿಗೆ ಸಾಟಿಯೇ, ರಾಗಿಗೆ ಬದಲಿಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಏಕಾದಶಿ, ಶಿವರಾತ್ರಿಗೆ ಮಾತ್ರ ರಾಜಗಿರಿ ಉಂಡಿ ತರುವುದು ರೂಢಿ. ಅದರಲ್ಲಿ ಹಾಲಿಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ರಕ್ತ ಹೆಚ್ಚಿಸುತ್ತದೆ ಎಂದು ಈಚೆಗೆ ಎಲ್ಲರೂ ಹೇಳುತ್ತಿದ್ದಾರೆ. ಕಾಲೇಜಿಗೆ ಹೋಗುವ ಮಗಳಿಗೆ ಹಿಮೋಗ್ಲೋಬಿನ್ 9.8 ಇದ್ದು, ವೈದ್ಯರು ಕಬ್ಬಿಣಾಂಶದ ಮಾತ್ರೆ ಕೊಟ್ಟಿದ್ದಾರೆ. ಮಾತ್ರೆಯ ಬದಲು ರಾಜಗಿರಿ ಕೊಟ್ಟರೆ ಸಾಕೇ? ರಾಗಿಯನ್ನು ಬಿಟ್ಟು ಇದನ್ನೇ ಬಳಸಬಹುದೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಮೊದಲು ಮಗಳ ವಿಷಯ. ಹಿಮೋಗ್ಲೋಬಿನ್ 9.8 ಎಂದರೆ ಮಧ್ಯಮ ಪ್ರಮಾಣದ ರಕ್ತಹೀನತೆ. ಈ ಹಂತದಲ್ಲಿ ಯಾವ ಕಾಳೂ ಯಾವ ಸೊಪ್ಪೂ ಮಾತ್ರೆಯ ಕೆಲಸವನ್ನು ಮಾಡಲಾರದು. ದಯವಿಟ್ಟು ಮಾತ್ರೆಯನ್ನು ನಿಲ್ಲಿಸಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಒಣ ರಾಜಗಿರಿ ಕಾಳಿನಲ್ಲಿ ಸುಮಾರು 8 ಮಿಲಿಗ್ರಾಂ ಕಬ್ಬಿಣವಿದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಹದಿಹರೆಯದವರಿಗೆ ಕೊಡುವ ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಅಷ್ಟನ್ನು ಕಾಳಿನಿಂದಲೇ ಪಡೆಯಬೇಕೆಂದರೆ ದಿನಕ್ಕೆ ಮುಕ್ಕಾಲು ಕಿಲೋ ತಿನ್ನಬೇಕಾಗುತ್ತದೆ. ಅದೂ ಅಲ್ಲದೆ, ಕಾಳಿನಲ್ಲಿರುವ ಫೈಟೇಟ್ ಎಂಬ ಅಂಶವು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ, ತಿಂದದ್ದರಲ್ಲಿ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ.

ಹಾಗೆಂದು ಕಾಳನ್ನು ಪಕ್ಕಕ್ಕಿಡಬೇಕಿಲ್ಲ. ಅದೇ ಕೋಷ್ಟಕದಲ್ಲಿ ಪಾಲಿಶ್ ಮಾಡಿದ ಅಕ್ಕಿಯ ಕಬ್ಬಿಣಾಂಶ 1 ಮಿಲಿಗ್ರಾಂ ಕೂಡ ಇಲ್ಲ, ಗೋಧಿ ಹಿಟ್ಟಿನದು ಸುಮಾರು 4, ರಾಗಿಯದು 4.6. ಈ ಸಾಲಿನಲ್ಲಿ ರಾಜಗಿರಿಯೇ ಮುಂದೆ. ಒಂದು ಹೊತ್ತಿಗೆ 30 ಗ್ರಾಂ ಬಳಸಿದರೆ ಸುಮಾರು 2.4 ಮಿಲಿಗ್ರಾಂ ಸಿಗುತ್ತದೆ. ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದ 29 ಮಿಲಿಗ್ರಾಂನಲ್ಲಿ ಇದು ಹನ್ನೆರಡನೆಯ ಒಂದು ಪಾಲು. ಕಾಳನ್ನು ರಾತ್ರಿ ನೆನೆಸಿಟ್ಟು ಬೇಯಿಸಿದರೆ, ಅಥವಾ ಮೊಳಕೆ ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಊಟದ ಜೊತೆಗೆ ನಿಂಬೆರಸ, ನೆಲ್ಲಿಕಾಯಿ ಅಥವಾ ಪೇರಲೆ ಇದ್ದರೆ ಕಬ್ಬಿಣ ಹೀರಿಕೆಯಾಗುವುದು ಸುಲಭ. ಊಟವಾದ ತಕ್ಷಣ ಚಹಾ ಕುಡಿಯುವ ಅಭ್ಯಾಸ ಮಗಳಿಗಿದ್ದರೆ ಅದನ್ನು ಒಂದು ಗಂಟೆಯಾದರೂ ಮುಂದೂಡಿಸಿ. ಹೊಸ ಕಾಳನ್ನು ಕೊಂಡು ತರುವುದಕ್ಕಿಂತ ಈ ಒಂದು ಬದಲಾವಣೆಯಿಂದಲೇ ಹೆಚ್ಚಿನ ಪ್ರಯೋಜನವಾಗಬಹುದು.

ಹಾಲಿನ ಹೋಲಿಕೆಯನ್ನು ಎಚ್ಚರಿಕೆಯಿಂದ ನೋಡಬೇಕು. 100 ಗ್ರಾಂ ಒಣ ಕಾಳಿನಲ್ಲಿ ಸುಮಾರು 160 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, 100 ಗ್ರಾಂ ಹಾಲಿನಲ್ಲಿ ಸುಮಾರು 120 ಇರುವುದು ನಿಜ. ಆದರೆ ಹಾಲನ್ನು ನಾವು ಲೋಟದಲ್ಲಿ ಕುಡಿಯುತ್ತೇವೆ, ಕಾಳನ್ನು ಹಿಡಿಯಲ್ಲಿ ತಿನ್ನುತ್ತೇವೆ. 200 ಮಿಲಿಲೀಟರಿನ ಒಂದು ಲೋಟ ಹಾಲಿನಿಂದ 240 ಮಿಲಿಗ್ರಾಂ ಬಂದರೆ, 30 ಗ್ರಾಂ ರಾಜಗಿರಿಯಿಂದ ಬರುವುದು 50ರಷ್ಟು. ರಾಗಿಯ ಮುಂದಂತೂ ಈ ಮಾತು ನಿಲ್ಲುವುದೇ ಇಲ್ಲ, ಏಕೆಂದರೆ ರಾಗಿಯಲ್ಲಿ 100 ಗ್ರಾಂಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಂದರೆ ರಾಜಗಿರಿಯ ಎರಡು ಪಟ್ಟಿಗೂ ಮಿಗಿಲು. ನಾರಿನಂಶವೂ ರಾಗಿಯಲ್ಲೇ ಹೆಚ್ಚು. ಆದ್ದರಿಂದ ರಾಗಿಯನ್ನು ಬಿಡಬೇಡಿ. ಮುದ್ದೆ, ಅಂಬಲಿ ತಮ್ಮ ಜಾಗದಲ್ಲೇ ಇರಲಿ.

ಹಾಗಾದರೆ ರಾಜಗಿರಿಯ ನಿಜವಾದ ಹೆಚ್ಚುಗಾರಿಕೆ ಎಲ್ಲಿದೆ? ನನ್ನ ದೃಷ್ಟಿಯಲ್ಲಿ ಅದು ಪ್ರೋಟೀನಿನ ಗುಣಮಟ್ಟದಲ್ಲಿದೆ. ಒಂದು ಚಮಚ ಕಾಳನ್ನು ಇಪ್ಪತ್ತು ನಿಮಿಷ ಬೇಯಿಸಿ, ಬೆರಳ ತುದಿಯಲ್ಲಿಟ್ಟು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತಲೂ ಚಿಕ್ಕದಾದ ಆ ಕಾಳಿನ ಸುತ್ತ ಬಿಳಿಯ ಎಳೆಯೊಂದು ಉಂಗುರದಂತೆ ಸುತ್ತಿಕೊಂಡಿರುವುದು ಕಾಣುತ್ತದೆ. ಅದು ಬೀಜದ ಭ್ರೂಣ. ಕಾಳಿನ ಪ್ರೋಟೀನ್ ಮತ್ತು ಕೊಬ್ಬಿನ ಬಹುಪಾಲು ಅದರಲ್ಲಿಯೇ ಇದೆ, ನಡುವಿನಲ್ಲಿರುವುದು ಹೆಚ್ಚಾಗಿ ಪಿಷ್ಟ. ಅಕ್ಕಿಯನ್ನು ಪಾಲಿಶ್ ಮಾಡುವಾಗ ಭ್ರೂಣವೂ ತವುಡೂ ಗಿರಣಿಯಲ್ಲೇ ಉಳಿದುಹೋಗುತ್ತವೆ. ರಾಜಗಿರಿಯನ್ನು ಯಾರೂ ಪಾಲಿಶ್ ಮಾಡುವುದಿಲ್ಲವಾದ್ದರಿಂದ ಇಡೀ ಬೀಜವೇ ತಟ್ಟೆಗೆ ಬರುತ್ತದೆ. ಅದರಲ್ಲಿ ಪ್ರೋಟೀನ್ 100 ಗ್ರಾಂಗೆ 13 ಗ್ರಾಂಗಿಂತ ತುಸು ಹೆಚ್ಚು. ಅಕ್ಕಿಯಲ್ಲಿ 8ರ ಹತ್ತಿರ, ರಾಗಿಯಲ್ಲಿ 7.

ಪ್ರಮಾಣಕ್ಕಿಂತ ಮುಖ್ಯವಾದದ್ದು ಲೈಸಿನ್ ಎಂಬ ಅಮೈನೋ ಆಮ್ಲ. ನಮ್ಮ ದೇಹ ಇದನ್ನು ತಾನೇ ತಯಾರಿಸಿಕೊಳ್ಳಲಾರದು, ಗೋಧಿ, ಜೋಳ, ಮೆಕ್ಕೆಜೋಳಗಳಲ್ಲಿ ಇದರ ಕೊರತೆಯಿದೆ, ರಾಜಗಿರಿಯಲ್ಲಿ ಧಾರಾಳವಾಗಿದೆ. ರಾಜಗಿರಿಯಲ್ಲಿ ತುಸು ಕಡಿಮೆಯಿರುವ ಲ್ಯೂಸಿನ್ ಜೋಳದಲ್ಲಿ ಯಥೇಚ್ಛವಾಗಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವ ಇಂಥ ಜೋಡಿ ನಿಮ್ಮ ಧಾರವಾಡದ ಅಡುಗೆಮನೆಗೆ ಹೇಳಿ ಮಾಡಿಸಿದಂತಿದೆ: ಮೂರು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ರಾಜಗಿರಿ ಹಿಟ್ಟು ಬೆರೆಸಿ ರೊಟ್ಟಿ ಬಡಿಯಿರಿ. ದಿನವೂ ತೊಗರಿ, ಹೆಸರು, ಕಡಲೆ ಉಣ್ಣುವ ಮನೆಗಳಲ್ಲಿ ಬೇಳೆಯಿಂದಲೇ ಲೈಸಿನ್ ಸಿಗುತ್ತದೆಂಬುದನ್ನೂ ಹೇಳಬೇಕು. ಬೇಳೆ ಕಡಿಮೆ ತಿನ್ನುವ ಮಕ್ಕಳಿಗೆ ಮತ್ತು ಬರೀ ಅನ್ನ-ಮಜ್ಜಿಗೆಯಲ್ಲಿ ಊಟ ಮುಗಿಸುವ ವೃದ್ಧರಿಗೆ ಈ ಕಾಳಿನ ಉಪಕಾರ ಹೆಚ್ಚು.

ಏಕಾದಶಿಗೆ ಇದು ಸಲ್ಲುವುದಕ್ಕೂ ಒಂದು ಕಾರಣವಿದೆ. ಅಕ್ಕಿ, ಗೋಧಿ, ರಾಗಿಗಳು ಹುಲ್ಲಿನ ಕುಟುಂಬದ ಧಾನ್ಯಗಳಾದರೆ, ರಾಜಗಿರಿ ದಂಟಿನ ಜಾತಿಯ ಸೊಪ್ಪಿನ ಗಿಡದ ಬೀಜ. ಅದು ಮೂಲತಃ ಅಮೆರಿಕ ಖಂಡದ್ದು. ಮೆಕ್ಸಿಕೋದಲ್ಲಿ ಇಂದಿಗೂ ಇದರ ಅರಳಿಗೆ ಜೇನು ಅಥವಾ ಸಕ್ಕರೆ ಪಾಕ ಸೇರಿಸಿ ‘ಅಲೆಗ್ರಿಯಾ’, ಅಂದರೆ ಸಂತೋಷ, ಎಂಬ ಸಿಹಿಯನ್ನು ಮಾಡುತ್ತಾರೆ. ಅದು ನಮ್ಮ ಉಂಡಿಯ ಸೋದರನೇ ಸರಿ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಇದರಲ್ಲಿ ಇಲ್ಲದಿರುವುದರಿಂದ, ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರಿಗೂ ಇದು ಒಗ್ಗುತ್ತದೆ. ಆದರೆ ಅಂಥವರು ಗೋಧಿ ಬೀಸುವ ಗಿರಣಿಯಲ್ಲಿ ಇದನ್ನು ಬೀಸಿಸಬಾರದು.

ಇದರ ಎಣ್ಣೆಯಲ್ಲಿರುವ ಸ್ಕ್ವಾಲೀನ್ ಎಂಬ ಅಂಶ ಕೊಲೆಸ್ಟರಾಲ್ ಇಳಿಸುತ್ತದೆ ಎಂಬ ಪ್ರಚಾರವೂ ಇದೆ. ಮನುಷ್ಯರಲ್ಲಿ ಅದಕ್ಕೆ ಗಟ್ಟಿಯಾದ ಪುರಾವೆ ಇಲ್ಲ. ಆ ಕಾರಣಕ್ಕಾಗಿ ದುಬಾರಿ ಎಣ್ಣೆ ಕೊಳ್ಳುವುದು ಬೇಡ.

ಪ್ರಶ್ನೆ: ನನಗೆ ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಯಿದೆ. ಬೆಳಗಿನ ತಿಂಡಿಗೆ ಹಾಲಿನಲ್ಲಿ ರಾಜಗಿರಿ ಅರಳು ಹಾಕಿಕೊಂಡು ತಿನ್ನುತ್ತಿದ್ದೇನೆ. ಸಕ್ಕರೆ ಹಾಕುವುದಿಲ್ಲ. ಆದರೂ ತಿಂಡಿಯ ನಂತರದ ಪರೀಕ್ಷೆಯಲ್ಲಿ ಪ್ರಮಾಣ ಏರುತ್ತಿದೆ, ಏಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಪರೀಕ್ಷಿಸಿ ನೋಡಿದ್ದು ಒಳ್ಳೆಯದಾಯಿತು. ರಾಜಗಿರಿಯ ಪಿಷ್ಟದ ಕಣಗಳು ಅತಿ ಸಣ್ಣವು, ಒಂದರಿಂದ ಮೂರು ಮೈಕ್ರಾನ್ ಮಾತ್ರ, ಜೊತೆಗೆ ನಿಧಾನವಾಗಿ ಜೀರ್ಣವಾಗುವ ಅಮೈಲೋಸ್ ಎಂಬ ಬಗೆಯ ಪಿಷ್ಟ ಅದರಲ್ಲಿ ಬಹಳ ಕಡಿಮೆ. ಅರಳು ಮಾಡುವಾಗ ಕಾದ ಬಾಣಲೆಯಲ್ಲಿ ಕಾಳು ಸಿಡಿದು ಆ ಪಿಷ್ಟ ಪೂರ್ತಿ ಬಿರಿಯುತ್ತದೆ. ಹೀಗೆ ಹಗುರಾದ ಅರಳು ಹೊಟ್ಟೆಗೆ ಬಿದ್ದ ಕೂಡಲೇ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಹಾಲಿನೊಂದಿಗೆ ತಿಂದ ರಾಜಗಿರಿ ಅರಳಿನ ಗ್ಲೈಸೆಮಿಕ್ ಸೂಚ್ಯಂಕ (ಆಹಾರವು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂಬ ಅಳತೆ) ಸುಮಾರು 97 ಎಂದು ಮಧುಮೇಹಿಗಳಲ್ಲೇ ನಡೆದ ಭಾರತೀಯ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಶುದ್ಧ ಗ್ಲೂಕೋಸಿನ ಸೂಚ್ಯಂಕ 100. ಅದೇ ಅಧ್ಯಯನದಲ್ಲಿ ಮೂರು ಪಾಲು ಗೋಧಿಗೆ ಒಂದು ಪಾಲು ರಾಜಗಿರಿ ಬೆರೆಸಿದಾಗ ಸೂಚ್ಯಂಕ 66ರ ಆಸುಪಾಸಿಗೆ ಇಳಿದಿತ್ತು.

ಆದ್ದರಿಂದ ನೀವು ಅರಳನ್ನು ಬಿಟ್ಟು, ಹಿಟ್ಟಿನ ರೂಪದಲ್ಲಿ, ಅದೂ ನಾಲ್ಕನೆಯ ಒಂದು ಪಾಲಿನಷ್ಟನ್ನೇ ಚಪಾತಿಗೆ ಸೇರಿಸಿಕೊಳ್ಳಿ. ಜೊತೆಗೆ ಹೆಸರು, ಕಡಲೆಯಂಥ ಕಾಳಿನ ಪಲ್ಯವೋ ಮೊಸರೋ ಇರಲಿ. ಎರಡು ಗಂಟೆಯ ನಂತರ ಮತ್ತೆ ಪರೀಕ್ಷಿಸಿ, ಬಂದ ಅಂಕಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಬೆಲ್ಲದ ಉಂಡಿ ನಿಮಗೆ ಬೇಡ.

ಪ್ರಶ್ನೆ: ಹಿತ್ತಲಲ್ಲಿ ಬೆಳೆದ ದಂಟಿನ ಗಿಡದ ಕಪ್ಪು ಬೀಜವನ್ನೂ ಹೀಗೆಯೇ ತಿನ್ನಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ತಿನ್ನಬಹುದು, ಅದು ವಿಷವಲ್ಲ. ಆದರೆ ಸೊಪ್ಪಿಗಾಗಿ ಬೆಳೆಯುವ ದಂಟಿನ ಬೀಜದ ಸಿಪ್ಪೆ ಗಡುಸು, ಬೇಯಲು ಹೊತ್ತು ಹಿಡಿಯುತ್ತದೆ, ಅರಳು ಚೆನ್ನಾಗಿ ಬರುವುದಿಲ್ಲ. ಕಾಳಿಗಾಗಿಯೇ ಬೆಳೆಯುವ ತಳಿಗಳು ತಿಳಿ ಬಣ್ಣದ ಬೀಜ ಕೊಡುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ‘ಸುವರ್ಣ’ ಅಂಥದ್ದೊಂದು ತಳಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಬಿತ್ತನೆಗೆಂದು ಅಂಗಡಿಯಲ್ಲಿ ಮಾರುವ ಪೊಟ್ಟಣದ ಬೀಜಕ್ಕೆ ಹಲವು ಬಾರಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಬಿತ್ತಿ ಮಿಕ್ಕಿದ್ದನ್ನು ಎಂದಿಗೂ ಅಡುಗೆಗೆ ಬಳಸಬೇಡಿ. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇದ್ದವರು, ಸೊಪ್ಪಿನಂತೆಯೇ ಈ ಬೀಜದಲ್ಲಿಯೂ ಆಕ್ಸಲೇಟ್ ಇರುವುದರಿಂದ, ದಿನವೂ ತಿನ್ನುವ ಮೊದಲು ವೈದ್ಯರನ್ನು ಕೇಳಬೇಕು.