ಸಂಪಾದಕರ ಉತ್ತರ: ಅಪ್ಪನಿಗೆ 'ಪಾಪ ಪಾಂಡು' ತೋರಿಸುವುದು ಹೇಗೆ?

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರಾಂಶ ಇದು: "ಎಂಬತ್ತರ ಹತ್ತಿರವಿರುವ ನಮ್ಮ ತಂದೆಯವರಿಗೆ 'ಪಾಪ ಪಾಂಡು' ಧಾರಾವಾಹಿಯನ್ನು ಮೊದಲ ಕಂತಿನಿಂದ ನೋಡುವ ಆಸೆ. ಹುಡುಕಿದರೆ ಅಲ್ಲೊಂದು ಇಲ್ಲೊಂದು ಕಂತು ಸಿಗುತ್ತದೆ, ಇಲ್ಲವೇ ಅದೇ ಹೆಸರಿನ ಹೊಸ ಧಾರಾವಾಹಿ ಬರುತ್ತದೆ. ಈಗಾಗಲೇ ಎರಡು ಓಟಿಟಿಗಳಿಗೆ ವರ್ಷದ ಚಂದಾ ಕಟ್ಟಿದ್ದೇವೆ. ಮೂರನೆಯದಕ್ಕೆ ಮನಸ್ಸು ಒಪ್ಪುತ್ತಿಲ್ಲ. ಎಲ್ಲ ಕಂತುಗಳನ್ನೂ ಪೆನ್‌ಡ್ರೈವಿನಲ್ಲಿ ತುಂಬಿಕೊಡುತ್ತೇನೆಂದು ಅಣ್ಣನ ಮಗ ಹೇಳುತ್ತಾನೆ. ಕಡಿಮೆ ಖರ್ಚಿನ ದಾರಿ ಯಾವುದು? ತಮಾಷೆ ಧಾರಾವಾಹಿಯ ವಿಷಯಕ್ಕೆ ಸಾಹಿತ್ಯ ಪತ್ರಿಕೆಗೆ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ."

ಕ್ಷಮೆ ಕೇಳಿದ್ದೊಂದೇ ತಮ್ಮ ಪತ್ರದಲ್ಲಿ ನನಗೆ ಹಿಡಿಸದ ಮಾತು. ನಗೆಯನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸುವ ಅಭ್ಯಾಸ ನಮ್ಮಲ್ಲಿ ಯಾವಾಗ ಬೆಳೆಯಿತೋ ಏನೋ. ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ 'ಕೊರವಂಜಿ'ಯನ್ನು ಆರಂಭಿಸಿ, 1967ರವರೆಗೆ ನಗೆಗೆಂದೇ ಒಂದು ಪತ್ರಿಕೆಯನ್ನು ನಡೆಸಿದ ನಾಡು ಇದು. ಆರ್. ಕೆ. ಲಕ್ಷ್ಮಣ್ ಅವರ ಎಳೆಯ ದಿನಗಳ ವ್ಯಂಗ್ಯಚಿತ್ರಗಳು ಅದರಲ್ಲಿ ಅಚ್ಚಾದವು. ಅದು ನಿಂತು ಎಷ್ಟೋ ವರ್ಷಗಳಾದ ಮೇಲೆ ನಾನು ಅದನ್ನು ಓದಿದ್ದು ಗ್ರಂಥಾಲಯವೊಂದರಲ್ಲಿ, ಕಟ್ಟು ಹಾಕಿಸಿಟ್ಟ ಸಂಪುಟಗಳಲ್ಲಿ. ಯಾರೋ ಒಬ್ಬ ಗ್ರಂಥಪಾಲಕರು ಅದನ್ನು ಎತ್ತಿಡಬೇಕಾದ ವಸ್ತುವೆಂದು ತಿಳಿದದ್ದರಿಂದ ಆ ನಗೆ ನನಗೂ ದಕ್ಕಿತು. ಆಗಿನ ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ನಿರ್ದೇಶನದಲ್ಲಿ ಪಾಂಡುವಿನ ಪಾತ್ರದ ಚಿದಾನಂದ ಅವರೂ ಶ್ರೀಮತಿಯ ಪಾತ್ರದ ಶಾಲಿನಿ ಅವರೂ ಜಗಳವಾಡುತ್ತಿದ್ದಾಗ, ಮೂರು ತಲೆಮಾರಿನವರು ಊಟದ ತಟ್ಟೆ ಹಿಡಿದು, ಹುಳಿ ಕಲಸಿದ ಕೈ ಒಣಗುತ್ತಿದ್ದರೂ ಏಳದೆ ಕುಳಿತು ನಕ್ಕರಲ್ಲ, ಆ ನಗೆಯನ್ನು ಎತ್ತಿಟ್ಟವರು ಯಾರು? ತಮ್ಮ ಪತ್ರದ ಹಿಂದಿರುವ ನಿಜವಾದ ಪ್ರಶ್ನೆ ಇದೆಂದು ನನಗೆ ತೋರುತ್ತದೆ.

ಮೊದಲು ಖರ್ಚಿನ ಮಾತು. ಹಳೆಯ ಧಾರಾವಾಹಿಗಾಗಿ ವರ್ಷದ ಚಂದಾ ಕಟ್ಟಬೇಡಿ. ಧಾರಾವಾಹಿ ಅಲ್ಲಿದೆಯೇ, ಮೊದಲ ಕಂತಿನಿಂದ ಇದೆಯೇ ಎಂದು ಚಂದಾ ಇಲ್ಲದೆಯೇ ಹುಡುಕಿ ನೋಡಿ. ಇದ್ದರೆ ಒಂದು ತಿಂಗಳಿಗೆ ಮಾತ್ರ ಕಟ್ಟಿ, ಕಟ್ಟಿದ ದಿನವೇ ಆಟೋಪೇ ರದ್ದು ಮಾಡಿ. ಮೊಬೈಲ್ ರೀಚಾರ್ಜ್ ಜೊತೆಗೇ ಓಟಿಟಿ ಬಂದಿರುವುದುಂಟು. ಅದನ್ನು ಗಮನಿಸದೆ ಎರಡು ಬಾರಿ ಹಣ ಕೊಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಹಕ್ಕುದಾರರೇ ಯೂಟ್ಯೂಬಿನಲ್ಲಿ ಹಾಕಿದ ಕಂತುಗಳಿದ್ದರೆ ಜಾಹೀರಾತನ್ನು ಸಹಿಸಿಕೊಂಡು ಉಚಿತವಾಗಿ ನೋಡಬಹುದು. ದೂರದರ್ಶನ ಕಾಲದ ಧಾರಾವಾಹಿಗಳ ಮೇಲೂ ತಂದೆಯವರಿಗೆ ಆಸೆಯಿದ್ದರೆ, ಪ್ರಸಾರ ಭಾರತಿ 2024ರ ನವೆಂಬರಿನಲ್ಲಿ ಆರಂಭಿಸಿದ 'ವೇವ್ಸ್' ಎಂಬ ಓಟಿಟಿ ಇದೆ.

ಓಟಿಟಿಗಳಿಂದ ಅನುಕೂಲವಾಗಿಲ್ಲವೆಂದು ನಾನು ಹೇಳುವುದಿಲ್ಲ. ಕಿವಿ ಮಂದವಾದ ಹಿರಿಯರು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೊಮ್ಮೆ ಕೇಳಿಸಿಕೊಳ್ಳಬಹುದು. ಆದರೆ ಚಂದಾ ಎಂದರೆ ಬಾಡಿಗೆ, ಅದೂ ಮಾಲೀಕರು ಯಾವತ್ತು ಬೇಕಾದರೂ ಕೋಣೆಯ ಸಾಮಾನನ್ನು ಹೊರಗೆ ಸಾಗಿಸಬಹುದಾದ ಬಾಡಿಗೆ. ನಾನೇ ಒಂದು ಹಳೆಯ ಹಾಸ್ಯ ಧಾರಾವಾಹಿಗಾಗಿ ವರ್ಷಕ್ಕೆಂದು ಹಣ ಕಟ್ಟಿ, ಮೂರು ತಿಂಗಳು ಕಳೆಯುವಷ್ಟರಲ್ಲಿ ಅದು ಪಟ್ಟಿಯಿಂದಲೇ ಮಾಯವಾದದ್ದನ್ನು ಕಂಡೆ. ಕೇಳಿದರೆ ಹಕ್ಕಿನ ಅವಧಿ ಮುಗಿಯಿತು ಎಂಬ ಒಂದು ಸಾಲಿನ ಉತ್ತರ ಬಂತು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ಆ ಬಳಗದ ಓಟಿಟಿಯಾದ ವೂಟ್ 2023ರಲ್ಲಿ ಜಿಯೋಸಿನಿಮಾದೊಳಗೆ ಸೇರಿತು, ಅದು 2025ರಲ್ಲಿ ಜಿಯೋಹಾಟ್‌ಸ್ಟಾರ್ ಆಯಿತು. ಒಂದು ಮನೆಯವರು ಮೂರು ಸಲ ಮನೆ ಬದಲಿಸಿದರೆ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ ಎಲ್ಲಿ ಹೋಯಿತೆಂದು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅಣ್ಣನ ಮಗನ ಪೆನ್‌ಡ್ರೈವಿಗೆ ನಾನು ಒಪ್ಪಿಗೆ ಕೊಡಲಾರೆ, ತಾವೂ ಕೊಡಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಇಂಥ ಕೃತಿಯ ಹಕ್ಕು 60 ವರ್ಷ ಉಳಿಯುತ್ತದೆ. ಹೊಟ್ಟೆಪಾಡಿಗಾಗಿ ನಮ್ಮನ್ನು ನಗಿಸಿದವರ ಕೆಲಸವನ್ನು ಕದ್ದು ನೋಡುವುದು ಆ ನಗೆಗೆ ಮಾಡುವ ಅಪಚಾರ. ಹಾಗೆಂದು ಎಲ್ಲ ತಪ್ಪನ್ನೂ ಆ ಹುಡುಗನ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಹಕ್ಕನ್ನು ಹಿಡಿದುಕೊಂಡು ವಸ್ತುವನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕುವವರು ಕಳ್ಳದಾರಿಯನ್ನು ತಾವೇ ಅಗಲ ಮಾಡುತ್ತಾರೆ. ಪ್ರಕಟವಾದ ಕೃತಿಯನ್ನು ಮತ್ತೆ ಹೊರತರಲು ಹಕ್ಕುದಾರರು ನಿರಾಕರಿಸಿ, ಅದರಿಂದ ಅದು ಜನರಿಗೆ ಸಿಗದಂತಾದರೆ ಕಡ್ಡಾಯ ಪರವಾನಗಿ ಕೇಳಲು ಅದೇ ಕಾಯ್ದೆಯ 31ನೆಯ ಕಲಂ ಅವಕಾಶ ಕೊಡುತ್ತದೆ. ಆದರೆ ಅಪ್ಪನಿಗೆ ಧಾರಾವಾಹಿ ತೋರಿಸಲು ಕೋರ್ಟಿನ ಮೆಟ್ಟಿಲು ಹತ್ತುವವರು ಯಾರಿದ್ದಾರೆ?

ನನ್ನ ಹಳೆಯ ಸಂಕಟ ಇಲ್ಲಿದೆ. ಪುಸ್ತಕವೊಂದು ಅಚ್ಚಾದರೆ 1954ರ ಕಾಯ್ದೆಯಂತೆ ಅದರ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಧಾರಾವಾಹಿಗೆ ಆ ಕಾಯ್ದೆಯಲ್ಲಿ ಜಾಗವಿಲ್ಲ. ಫ್ರಾನ್ಸ್ 1992ರಲ್ಲೇ ರೇಡಿಯೊ, ಟಿವಿ ಕಾರ್ಯಕ್ರಮಗಳನ್ನೂ ಹೀಗೆ ಠೇವಣಿಯಿಡಬೇಕೆಂದು ಕಾನೂನು ಮಾಡಿತು. ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆ ಗ್ರಂಥಾಲಯದ ಒಂದು ಮೂಲೆಯಲ್ಲಿ ಟಿವಿ ಇಟ್ಟು, ಹಕ್ಕುದಾರರಿಗೆ ನ್ಯಾಯವಾದ ಹಣ ಕೊಟ್ಟು ತಂದ ಧಾರಾವಾಹಿಗಳನ್ನು ಹಿರಿಯರಿಗೆ ತೋರಿಸಿದರೆ ಯಾರಿಗೆ ನಷ್ಟ?

ಕಾಯುತ್ತ ಕುಳಿತರೆ ಏನಾಗುತ್ತದೆಂಬುದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ದೂರದರ್ಶನದಿಂದ ನಮ್ಮ ತಾಯಿ ವಿಸಿಆರ್‌ನಲ್ಲಿ ಮುದ್ರಿಸಿಕೊಂಡ ಹಾಸ್ಯ ಧಾರಾವಾಹಿಯ ಕ್ಯಾಸೆಟ್ಟನ್ನು ಹೋದ ಮಳೆಗಾಲದಲ್ಲಿ ತೆಗೆದೆ. ಬೆನ್ನಿನ ಮೇಲೆ ಪೆನ್ಸಿಲಿನಲ್ಲಿ "ಅಳಿಸಬೇಡಿ" ಎಂದು ಬರೆದದ್ದು ಹಾಗೆಯೇ ಇತ್ತು. ಮುಚ್ಚಳ ಎತ್ತಿ ನೋಡಿದರೆ ಸುರುಳಿಯ ಅಂಚಿನ ಉದ್ದಕ್ಕೂ ಬಿಳಿಯ ಬೂಷ್ಟು. ಒರೆಸಿ ಓಡಿಸಿದಾಗ ಚಿತ್ರ ಓರೆಯಾಗಿ ಹರಿದುಹೋಗುತ್ತಿತ್ತು. ನಗುವಿನ ಸದ್ದೊಂದು ಮಾತ್ರ ಸ್ಪಷ್ಟವಾಗಿ ಕೇಳಿಸುತ್ತಿತ್ತು, ಯಾವ ಮಾತಿಗೆ ನಕ್ಕರೆಂಬುದು ತಿಳಿಯಲಿಲ್ಲ. ಶ್ರೀಮಂತ ಸಂಸ್ಥೆಗಳೂ ಈ ಪಾಪಕ್ಕೆ ಹೊರತಲ್ಲ. ಬಿಬಿಸಿಯ 'ಡ್ಯಾಡ್ಸ್ ಆರ್ಮಿ' ಎಂಬ ಜನಪ್ರಿಯ ಹಾಸ್ಯ ಧಾರಾವಾಹಿಯ 1969ರ ಮೂರು ಕಂತುಗಳು ಇಂದಿಗೂ ಇಲ್ಲ. ಕಳೆದುಹೋಗಿದ್ದ ಇನ್ನೆರಡು ಕಂತುಗಳು 2001ರಲ್ಲಿ ಮರಳಿ ಸಿಕ್ಕವು.

ತಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಮುದ್ರಿಸಿಟ್ಟ ಕ್ಯಾಸೆಟ್ಟುಗಳಿದ್ದರೆ, ಅವನ್ನು ಹಳೆಯ ಯಂತ್ರಕ್ಕೆ ಹಾಕುವ ಮೊದಲು ಬೂಷ್ಟು ಹಿಡಿದಿದೆಯೇ ನೋಡಿ, ನೆಟ್ಟಗೆ ನಿಲ್ಲಿಸಿ, ತೇವವಿಲ್ಲದ ಕಡೆ ಇಡಿ. 'ಪಾಪ ಪಾಂಡು'ವಿನ ಹಳೆಯ ಕಂತುಗಳನ್ನು ಮೊದಲಿನಿಂದ ಕ್ರಮವಾಗಿ ಜನರಿಗೆ ದೊರಕಿಸಬೇಕೆಂದು ವಾಹಿನಿಗೆ ನಾನು ಈ ವಾರ ಪತ್ರ ಬರೆದಿದ್ದೇನೆ. ತಾವೂ ತಂದೆಯವರ ಸಹಿ ಹಾಕಿಸಿ ಒಂದು ಪತ್ರ ಬರೆಯಿರಿ. ಉತ್ತರ ಬಂದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇನೆ.